ಬೊಳ್ಳಿಯ ಸಗಣಿಗೆ ಸಿಕ್ಕ ಮರ್ಯಾದೆ

ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನನಗೆ ಒಂದು ದನದ ಮೇಲೆ ಹೊಟ್ಟೆಕಿಚ್ಚು. ಅರವತ್ತೆರಡು ವರ್ಷದ ಹೆಂಗಸು, ಮೊಮ್ಮಗಳನ್ನು ಕಂಡವಳು, ಇದನ್ನು ಪತ್ರಿಕೆಯಲ್ಲಿ ಬರೆದುಕೊಳ್ಳಲು ನಾಚಬೇಕಿತ್ತು. ನಾಚಿಕೆಯಾಗುತ್ತಿಲ್ಲ. ನೆರೆಮನೆಯ ದನಕ್ಕೆ ಭೇದಿಯಾದಾಗ ಫೋನು ಮಾಡಿದ ಎರಡು ಗಂಟೆಯೊಳಗೆ ಡಾಕ್ಟರು ಅಂಗಳಕ್ಕೆ ಬಂದರು. ಅದರ ಸಗಣಿಯನ್ನು ಶೀಶೆಗೆ ತುಂಬಿಸಿ, ಹೆಸರು ಬರೆದ ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಅದೇ ವಾರ ಅದೇ ಭೇದಿ ನನ್ನ ಆರು ವರ್ಷದ ಮೊಮ್ಮಗಳು ತನ್ಮಯೀಗೆ ಆದಾಗ ನಿಮ್ಮ ಆರೋಗ್ಯ ಕೇಂದ್ರದಲ್ಲಿ ಅವಳ ಹೊಟ್ಟೆ ಮುಟ್ಟಿ ನೋಡಿದವರಿಲ್ಲ, ಏನು ತಿಂದೆ ಏನು ಕುಡಿದೆ ಎಂದು ಕೇಳಿದವರಿಲ್ಲ. ದನ ಈಗ ಮೊದಲಿನಂತೆಯೇ ಹಾಲು ಕೊಡುತ್ತಿದೆ. ನನ್ನ ಮೊಮ್ಮಗಳು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿ, ಉಳಿಯುತ್ತಾಳೋ ಇಲ್ಲವೋ ಎಂದು ನಮ್ಮನ್ನೆಲ್ಲ ನಡುಗಿಸಿ ಎದ್ದು ಬಂದಿದ್ದಾಳೆ. ಇದು ನನ್ನ ದೂರು.

ನೀವು ಯಾವ ತಾಲೂಕಿನ ಅಧಿಕಾರಿ ಎಂದು ಮೇಲೆ ಬರೆದಿಲ್ಲ, ಕ್ಷಮಿಸಿ. ನಮ್ಮ ಕೇಪುಳಕೋಡಿ ಪುತ್ತೂರು, ಸುಳ್ಯ, ಕಡಬ ಮೂರೂ ಸೇರುವ ಮೂಲೆಯಲ್ಲಿದೆ. ಕಡಬ ಹೊಸ ತಾಲೂಕಾದಾಗಿನಿಂದ ನಮ್ಮ ತೋಟ ಒಂದು ಕಡೆ, ರೇಷನ್ ಕಾರ್ಡು ಇನ್ನೊಂದು ಕಡೆ. ವಿಚಾರಿಸಿದಾಗಲೆಲ್ಲ ‘ನಿಮ್ಮದು ನಮಗೆ ಬರುವುದಿಲ್ಲ’ ಎಂಬ ಉತ್ತರ ಮೂರು ಕಡೆಯಿಂದಲೂ ಬಂದಿದೆ. ಆದ್ದರಿಂದ ಈ ಪತ್ರವನ್ನು ಓದಿ ಯಾರಿಗೆ ‘ಇದು ನನಗಲ್ಲ’ ಅನಿಸುತ್ತದೋ ಅವರಿಗೇ ಬರೆದದ್ದೆಂದು ತಿಳಿಯತಕ್ಕದ್ದು. ಪಶುವೈದ್ಯರಿಗೆ ಈ ಕಷ್ಟ ಬರಲಿಲ್ಲ ನೋಡಿ. ದನ ಯಾವ ತಾಲೂಕಿನದು ಎಂದು ಅವರು ಕೇಳಲೇ ಇಲ್ಲ, ಎಲ್ಲಿ ಕಟ್ಟಿದ್ದೀರಿ ಎಂದು ಮಾತ್ರ ಕೇಳಿದರು.

ದನದ ಹೆಸರು ಬೊಳ್ಳಿ. ಯಜಮಾನ ಮೇದಪ್ಪ, ನಮ್ಮ ತೋಟದ ಬೇಲಿಯಾಚೆಯ ಮನೆಯವನು, ಸುಳ್ಯದ ಕಡೆಯಿಂದ ಬಂದು ಇಲ್ಲಿ ತೋಟ ಮಾಡಿದವನು. ನಾಲ್ಕು ವರ್ಷದ ಹಿಂದೆ ಕೊಯಿಲದ ಹತ್ತಿರದ ಯಾರಿಂದಲೋ ಬೊಳ್ಳಿಯನ್ನು ತಂದ. ನಮ್ಮ ಹಟ್ಟಿಯಲ್ಲೂ ದನಗಳುಂಟು, ಹಾಕಿದ ಹಿಂಡಿಗೆ ಸರಿಯಾಗಿ ಸಗಣಿ ಕೊಡುತ್ತವೆ. ಬೊಳ್ಳಿ ಹಾಗಲ್ಲ. ಹಾಲಿನ ಸೊಸೈಟಿಯಲ್ಲಿ ಮೇದಪ್ಪನ ಕ್ಯಾನು ಇಳಿಸುವಾಗ ಇಬ್ಬರು ಹಿಡಿಯಬೇಕು. ಅವನ ಹೆಂಡತಿ ಕಮಲಾವತಿ ಒಂದು ಮದುವೆಯಲ್ಲಿ ಪಕ್ಕದ ಎಲೆಯಲ್ಲಿ ಕುಳಿತು, ‘ಹಾಲು ಜಾಸ್ತಿ ಆಗಿ ಎಂತ ಮಾಡುದು ಅಂತ ಗೊತ್ತಾಗುದಿಲ್ಲ ಅಕ್ಕಾ’ ಎಂದಾಗ ನನಗೆ ಹೋಳಿಗೆ ಗಂಟಲಿನಿಂದ ಇಳಿಯಲಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಹೊಟ್ಟೆಕಿಚ್ಚು ಈ ಸಂಗತಿಗಿಂತ ಹಳೆಯದು. ಅದಕ್ಕೆ ಔಷಧಿ ಕೊಡಿ ಎಂದು ನಿಮ್ಮನ್ನು ಕೇಳುತ್ತಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಹಟ್ಟಿಯ ಎರಡು ದನವೂ ಬತ್ತಿದ್ದವು, ಮನೆಗೆ ಬೇಕಾದ ಹಾಲನ್ನು ಸಂಜೆ ಕಮಲಾವತಿಯೇ ತಂದು ಕೊಡುತ್ತಿದ್ದಳು. ಶಾಲೆಗೆ ರಜೆ. ತನ್ಮಯೀ ಬೆಳಿಗ್ಗೆ ಎದ್ದವಳೇ ಮೇದಪ್ಪನ ಹಟ್ಟಿಗೆ ಓಡುವುದು, ಅವರ ಮೊಮ್ಮಗಳು ಮೋಕ್ಷಿತಾ ಇವಳದೇ ಓರಗೆಯವಳು. ಕಮಲಾವತಿ ಹಾಲು ಕರೆಯುವಾಗ ಇಬ್ಬರೂ ಲೋಟ ಹಿಡಿದು ಕುಕ್ಕರುಗಾಲಿನಲ್ಲಿ ಕೂರುವುದು, ಕೆಚ್ಚಲಿನಿಂದ ನೇರ ಲೋಟಕ್ಕೆ ಬಿದ್ದ ನೊರೆಹಾಲನ್ನು ಕುಡಿದು ಮೀಸೆ ಮಾಡಿಕೊಂಡು ನಗುವುದು. ನೊರೆಹಾಲು ಕುಡಿದ ಮಕ್ಕಳ ಎಲುಬು ಗಟ್ಟಿಯಾಗುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು, ನಾನೂ ಹೇಳಿದೆ. ಸೊಸೆ ದೀಪಶ್ರೀ ಶಾಲೆಯ ಟೀಚರು, ‘ಕಾಯಿಸಿ ಕೊಡುವ ಅತ್ತೆ’ ಎಂದಳು. ‘ಕೆಚ್ಚಲಲ್ಲೇ ಬಿಸಿ ಉಂಟಲ್ಲ, ಮತ್ತೆಂತ ಕಾಯಿಸುದು?’ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ದಿನಾ ಬೆಳಿಗ್ಗೆ ಲೋಟ ತೊಳೆದು ಮಗುವಿನ ಕೈಗೆ ಕೊಟ್ಟವಳು ನಾನೇ.

ಒಂದು ಭಾನುವಾರ ಬೊಳ್ಳಿ ಅಕ್ಕಿ ತೊಳೆದ ಅಕ್ಕಚ್ಚನ್ನೂ ಮುಟ್ಟಲಿಲ್ಲ. ಸಂಜೆಗೆ ನೀರಿನಂತೆ ಭೇದಿ, ಸೋಮವಾರ ಬೆಳಿಗ್ಗೆ ಅದರಲ್ಲಿ ರಕ್ತ. ಮೇದಪ್ಪ ಫೋನು ಮಾಡಿದ. ಮನೆಬಾಗಿಲಿಗೆ ಬರುವ ಪಶು ಆಸ್ಪತ್ರೆಯ ಗಾಡಿ ಕಚ್ಚಾ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಬಂತು. ಇಳಿದವಳು ಅಮೀರಾ ಎಂಬ ಎಳೆಯ ಪ್ರಾಯದ ಪಶುವೈದ್ಯೆ. ತಲೆವಸ್ತ್ರವನ್ನು ಬಿಗಿಮಾಡಿ, ಮೊಣಕೈವರೆಗೆ ಕೈಗವಸು ಏರಿಸಿ, ಬೊಳ್ಳಿಯ ಬಾಲ ಎತ್ತಿದಳು. ಜ್ವರ ಅಳೆದಳು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು, ಕತ್ತಿನ ಚರ್ಮ ಚಿವುಟಿ ಮೈಯಲ್ಲಿ ನೀರು ಎಷ್ಟು ಬತ್ತಿದೆ ಎಂದು ನೋಡಿದಳು, ರಕ್ತನಾಳಕ್ಕೆ ಸಲೈನ್ ಕೊಟ್ಟಳು. ಆಮೇಲೆ ಆ ಶೀಶೆ. ನಾನು ಬೇಲಿಯ ಈಚೆ ತೊಂಡೆ ಚಪ್ಪರದ ಬುಡದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ. ಅವಳು ಹೊರಡುವ ಮುಂಚೆ ಕೇಳಿದ ಒಂದು ಪ್ರಶ್ನೆ ಮಾತ್ರ ನನಗೆ ಕೇಳಿಸಲಿಲ್ಲ, ಮೇದಪ್ಪ ಆಮೇಲೆ ಹೇಳಿದ್ದು: ‘ಈ ದನದ ಹಾಲು ಯಾರಾದರೂ ಹಸಿಯಾಗಿ ಕುಡಿದಿದ್ದೀರಾ?’

ಅಧಿಕಾರಿಗಳೇ, ನಾನು ಹೊಟ್ಟೆಕಿಚ್ಚು ಪಡುವುದು ಈ ಪ್ರಶ್ನೆಯ ಮೇಲೆ. ದನವನ್ನು ನೋಡಲು ಬಂದವಳು ಮನುಷ್ಯರ ಬಗ್ಗೆ ಕೇಳಿದಳು. ಮನುಷ್ಯರನ್ನು ನೋಡಲು ನೀವು ನೇಮಿಸಿದವರು ಮರುದಿನ ಏನು ಕೇಳಿದರು ಗೊತ್ತೇ?

ಸೋಮವಾರ ಸಂಜೆ ತನ್ಮಯೀಗೆ ಮೈ ಬಿಸಿಯಾಯಿತು. ಹೊಟ್ಟೆ ಹಿಡಿದುಕೊಂಡು ಮುರುಟಿ ಮಲಗಿದಳು, ಭೇದಿ ಶುರುವಾಯಿತು. ನಮ್ಮಲ್ಲಿ ಬೇಸಿಗೆಯಲ್ಲಿ ಮಕ್ಕಳಿಗೆ ಏನಾದರೂ ಅದು ಉಷ್ಣ. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಹೊಟ್ಟೆ ಕೆಟ್ಟರೂ ಉಷ್ಣ. ಉಷ್ಣಕ್ಕೆ ಪುನರ್ಪುಳಿ. ಒಣಗಿಸಿಟ್ಟ ಆ ಹುಳಿಹಣ್ಣಿನ ಸಿಪ್ಪೆಯನ್ನು ನೆನೆಹಾಕಿ, ಬೆಲ್ಲ ಸೇರಿಸಿ, ಕಡುಗೆಂಪು ಶರಬತ್ತು ಮಾಡಿ ಗಂಟೆಗೊಮ್ಮೆ ಕುಡಿಸಿದೆ. ಮಂಗಳವಾರ ಬೆಳಿಗ್ಗೆ ಭೇದಿ ಕೆಂಪಾಗಿ ಹೋಯಿತು. ದೀಪಶ್ರೀ ಹೆದರಿ ಕೂಗಿದಳು. ನಾನು ಹೋಗಿ ನೋಡಿದೆ, ನಕ್ಕೆ. ಹೌದು, ನಕ್ಕೆ. ‘ಇಷ್ಟು ಪುನರ್ಪುಳಿ ಕುಡಿದ್ರೆ ಮತ್ತೆ ಹಸಿರು ಹೋಗ್ಲಿಕ್ಕುಂಟಾ ಮಾರಾಯ್ತಿ?’ ಎಂದೆ. ಕೆಂಪು ಹೆಚ್ಚಾದಷ್ಟೂ ಉಷ್ಣ ಹೆಚ್ಚಾಗಿದೆ ಎಂದು ಇನ್ನಷ್ಟು ಪುನರ್ಪುಳಿ ಕುಡಿಸಿದೆ, ಇನ್ನಷ್ಟು ಕುಡಿಸಿದ್ದರಿಂದ ಇನ್ನಷ್ಟು ಕೆಂಪು ಎಂದು ಸಮಾಧಾನ ಮಾಡಿಕೊಂಡೆ. ಆ ಬಣ್ಣದ ಮರೆಯಲ್ಲಿ ಮಗುವಿನ ರಕ್ತ ಹೋಗುತ್ತಿತ್ತು.

ಆದರೂ ಸೊಸೆಯ ಹಟಕ್ಕೆ ಮಂಗಳವಾರವೇ ನಿಮ್ಮ ಆರೋಗ್ಯ ಕೇಂದ್ರಕ್ಕೆ ಹೋದೆವು. ಎಪ್ಪತ್ತು ಜನರ ಸಾಲು, ಒಬ್ಬರೇ ಡಾಕ್ಟರು, ಅವರಿಗೂ ಮಧ್ಯಾಹ್ನದ ಮೇಲೆ ಇನ್ನೊಂದು ಕೇಂದ್ರಕ್ಕೆ ಓಡಬೇಕು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ತಲೆ ಎತ್ತದೆ ಕೇಳಿದರು:

‘ಎಷ್ಟು ಸಲ ಹೋಯ್ತು?’

‘ಲೆಕ್ಕ ತಪ್ಪಿದೆ ಸಾರ್. ಕೆಂಪು ಕಾಣ್ತದೆ’ ಎಂದಳು ದೀಪಶ್ರೀ.

‘ಅದು ಪುನರ್ಪುಳಿ ಸಾರ್, ಉಷ್ಣ ಆಗಿದೆ ಅಂತ ಕುಡಿಸ್ತಾ ಇದ್ದೇನೆ’ ಎಂದೆ ನಾನು. ಉತ್ತರ ಗೊತ್ತಿದ್ದ ವಿದ್ಯಾರ್ಥಿಯ ಹಾಗೆ ಮುಂದೆ ಬಂದು ಹೇಳಿದೆ.

‘ಹಾಂ, ಹಾಗಾದ್ರೆ ಅದೇ.’

ಆಯಿತಲ್ಲ! ರೋಗ ಪತ್ತೆ ಮಾಡಿದವಳು ನಾನು, ಒಪ್ಪಿಗೆಯ ಮುದ್ರೆ ಒತ್ತಿದ್ದು ಸರಕಾರ. ಓಪಿ ಚೀಟಿಯಲ್ಲಿ ‘ವೈರಲ್’ ಎಂದು ಬರೆದು ಜ್ವರಕ್ಕೊಂದು ಔಷಧಿ, ಭೇದಿ ನಿಲ್ಲಿಸಲು ಒಂದು ಮಾತ್ರೆ, ಒಂದು ಪೊಟ್ಟಣ ಓಆರ್‌ಎಸ್ ಕೊಟ್ಟರು. ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕೊಡಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ನಾನು ಇಡೀ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದೆ, ಮಗು ಒಂದು ಗುಟುಕು ಕುಡಿದು ವಾಂತಿ ಮಾಡಿತು. ಹಾಗೆ ಗಟ್ಟಿಯಾಗಿ ಕಲಸಿದರೆ ಒಳ್ಳೆಯದಾಗುವ ಬದಲು ಕೆಡುಕಾಗುತ್ತದೆಂದು ಆಮೇಲೆ ತಿಳಿಯಿತು. ಒಂದು ಶೀಶೆ ಕೊಟ್ಟು ‘ಇದರಲ್ಲಿ ತನ್ನಿ, ನೋಡುವ’ ಎಂದಿದ್ದರೆ? ಬೊಳ್ಳಿಗಾದರೆ ಶೀಶೆ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ, ಈ ಊರಿನಲ್ಲಿ ದನಕ್ಕೆ ಜ್ವರ ಬಂದಾಗ ದನಕ್ಕೇ ಮದ್ದು ಸಿಕ್ಕಿತು. ಬರೆ ಸಿಕ್ಕಿದ್ದು ನನ್ನ ಮೊಮ್ಮಗಳಿಗೆ.

ಮಾತ್ರೆ ತಿಂದ ಮೇಲೆ ಭೇದಿ ಕಡಿಮೆಯಾಯಿತು. ನಾವು ಹಿಗ್ಗಿದೆವು. ಹೊಟ್ಟೆ ಮಾತ್ರ ಉಬ್ಬುತ್ತ ಬಂತು, ಜ್ವರ ಏರುತ್ತ ಹೋಯಿತು. ಶುಕ್ರವಾರ ಬೆಳಿಗ್ಗೆ ತನ್ಮಯೀ ಕಣ್ಣು ತೆರೆದು ನನ್ನನ್ನು ನೋಡಿ ‘ಇವರು ಯಾರು?’ ಎಂದು ಅಮ್ಮನನ್ನು ಕೇಳಿದಳು. ಹಿಂದಿನ ಸಂಜೆಯಿಂದ ಮೂತ್ರ ಮಾಡಿರಲಿಲ್ಲ. ಕಣ್ಣು ಗುಳಿಬಿದ್ದಿತ್ತು. ಇವೆಲ್ಲ ಅಪಾಯದ ಗುರುತು ಎಂದು ನನಗೆ ಆಗ ಗೊತ್ತಿರಲಿಲ್ಲ, ದೇವರಿಗೆ ಹರಕೆ ಹೇಳಿಕೊಳ್ಳಲು ಮಾತ್ರ ಗೊತ್ತಿತ್ತು.

ಅಷ್ಟು ಹೊತ್ತಿಗೆ ಮೇದಪ್ಪನ ಜೀಪು ಅಂಗಳಕ್ಕೆ ನುಗ್ಗಿತು. ಬೊಳ್ಳಿಯ ವರದಿ ಬಂದಿತ್ತು. ಸಗಣಿಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ, ದನದಿಂದ ಹಸಿ ಹಾಲಿನ ಮೂಲಕ ಮನುಷ್ಯರಿಗೆ ಬರುವಂಥದ್ದು. ಅಮೀರಾ ಫೋನಿನಲ್ಲಿ ಅವನನ್ನು ಗದರಿದ್ದಳಂತೆ: ‘ಆಚೆ ಮನೆಯ ಮಗುವೂ ಕುಡಿಯುದು ಅಂದಿದ್ರಲ್ಲ, ಅದು ಹೇಗೆ ಉಂಟು? ಗೊತ್ತಿಲ್ಲ ಅಂದ್ರೆ ಎಂತ? ಈಗ್ಲೇ ಹೋಗಿ ನೋಡಿ ಮಾರಾಯ್ರೆ!’ ಮೇದಪ್ಪ ಮಗುವನ್ನು ನೋಡಿದವನೇ ಎತ್ತಿಕೊಂಡ. ‘ಅಕ್ಕ, ಮಾತಾಡುದು ಆಮೇಲೆ, ಜೀಪು ಹತ್ತಿ’ ಎಂದ.

ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಅವನು ತನ್ನ ಫೋನನ್ನು ಡಾಕ್ಟರ ಮುಖದೆದುರು ಹಿಡಿದ. ಒಂದು ದನದ ಸಗಣಿಯ ವರದಿಯನ್ನು ಓದಿ ಮನುಷ್ಯರ ಡಾಕ್ಟರು ನನ್ನ ಮೊಮ್ಮಗಳ ರೋಗ ಗುರುತಿಸಿದರು. ಮೊದಲು ರಕ್ತವನ್ನೂ ಮಲವನ್ನೂ ಪರೀಕ್ಷೆಗೆ ತೆಗೆದರು, ಕೂಡಲೇ ಸಲೈನ್ ಏರಿಸಿದರು, ಮತ್ತೆ ಆ್ಯಂಟಿಬಯೋಟಿಕ್ ಶುರುಮಾಡಿದರು. ನರ್ಸಮ್ಮ ಬಿಳಿಬಟ್ಟೆಯ ಮೇಲಿನ ಕಲೆಯನ್ನು ನನಗೆ ತೋರಿಸಿ, ‘ಇದರಲ್ಲಿ ಲೋಳೆ ಉಂಟು ನೋಡಿ ಅಜ್ಜಿ. ಪುನರ್ಪುಳಿಯಲ್ಲಿ ಲೋಳೆ ಉಂಟಾ?’ ಎಂದಳು. ಡಾಕ್ಟರು ನಿಮ್ಮ ಕೇಂದ್ರದ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. ಜ್ವರದ ಜೊತೆ ರಕ್ತ ಹೋಗುವಾಗ ಭೇದಿಯನ್ನು ಮಾತ್ರೆ ಕೊಟ್ಟು ನಿಲ್ಲಿಸಬಾರದಂತೆ, ಅದರಲ್ಲೂ ಮಕ್ಕಳಿಗೆ. ಮೂರನೆಯ ದಿನ ರಕ್ತದ ಪರೀಕ್ಷೆಯೂ ಅದೇ ಹೆಸರು ಹೇಳಿತು. ರೋಗಾಣು ಕರುಳು ದಾಟಿ ರಕ್ತಕ್ಕಿಳಿದಿತ್ತು. ಇನ್ನೊಂದು ದಿನ ತಡವಾಗಿದ್ದರೆ ಎಂದು ಅವರು ಶುರುಮಾಡಿದ ವಾಕ್ಯವನ್ನು ನನ್ನ ಮಗ ವಿಷ್ಣುಪ್ರಸಾದ್ ಕೈಯೆತ್ತಿ ತಡೆದ.

ಈಗ ಮೋಕ್ಷಿತಾಳ ವಿಷಯ. ಅದೇ ಹಾಲು, ಅದೇ ಹಟ್ಟಿ, ಅದೇ ಬೆಳಗು. ಅವಳಿಗೂ ಸೋಮವಾರ ಹೊಟ್ಟೆನೋವು ಬಂದಿತ್ತು. ಅಮೀರಾ ಎಚ್ಚರಿಸಿದ್ದರಿಂದ ಮರುದಿನವೇ ಪುತ್ತೂರಿಗೆ ಕರೆದುಕೊಂಡು ಹೋಗಿ, ‘ಕಾಯಿಲೆ ಬಿದ್ದ ದನದ ಹಸಿ ಹಾಲು ಕುಡಿದಿದ್ದಾಳೆ’ ಎಂದು ಹೇಳಿ ತೋರಿಸಿದರು. ಮಲ ಪರೀಕ್ಷೆಗೆ ಕಳಿಸಿ, ಸರಿಯಾಗಿ ಕಲಸಿದ ಓಆರ್‌ಎಸ್, ಗಂಜಿತಿಳಿ, ದಿನಾ ಒಂದು ಸಲ ಫೋನಿನಲ್ಲಿ ವಿಚಾರಣೆ. ಆ್ಯಂಟಿಬಯೋಟಿಕ್ ಕೂಡ ಬೇಕಾಗಲಿಲ್ಲ, ಗಟ್ಟಿಮುಟ್ಟಾದ ಹೆಚ್ಚಿನ ಮಕ್ಕಳಿಗೆ ಬೇಡವಂತೆ. ನಾಲ್ಕು ದಿನಕ್ಕೆ ಗುಣ. ನಮ್ಮ ಮಗು ಆಸ್ಪತ್ರೆಯಲ್ಲಿದ್ದ ಆರನೆಯ ದಿನ ಕಮಲಾವತಿ ಅವಳನ್ನು ಕರೆದುಕೊಂಡು ನೋಡಲು ಬಂದಳು. ಆ ಹುಡುಗಿ ಬಾಗಿಲಲ್ಲಿ ನಿಂತು ಬಾಳೆಕಾಯಿ ಚಿಪ್ಸ್ ಕಟಕಟ ಅಗಿಯುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ನನ್ನ ಕೂಸಿನ ಕೈಗೆ ಸೂಜಿ ಚುಚ್ಚಲು ಅವತ್ತು ನರ ಸಿಗದೆ ನಾಲ್ಕು ಸಲ ಚುಚ್ಚಿದ್ದರು. ಆ ಕೆನ್ನೆ ನೋಡಿ ನನ್ನ ಹೊಟ್ಟೆ ಹೇಗೆ ಉರಿಯಿತೆಂದರೆ, ಇವಳಿಗೆ ಇಷ್ಟು ಬೇಗ ಯಾಕೆ ಗುಣವಾಗಬೇಕಿತ್ತು ಎಂದು ಯೋಚಿಸಿದೆ. ಆರು ವರ್ಷದ ಮಗುವಿನ ಆರೋಗ್ಯಕ್ಕೆ ಕರುಬಿದ ಹೆಂಗಸು ನಾನು. ಇಷ್ಟು ಕೀಳಾಗಿ ಬದುಕುತ್ತೇನೆಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಇಲ್ಲಿಗೆ ಬಂದು ನೀವು ಕುರ್ಚಿಗೆ ಒರಗಿ ಹೇಳಬಹುದು: ‘ಹಸಿ ಹಾಲು ಕುಡಿಸಿದವಳು ನೀನೇ, ರಕ್ತವನ್ನು ಶರಬತ್ತು ಅಂದವಳೂ ನೀನೇ, ಈಗ ಸರಕಾರವನ್ನು ಬಯ್ಯುತ್ತೀಯಾ?’ ಬಯ್ಯುತ್ತೇನೆ. ನನಗೆ ಗೊತ್ತಿರಲಿಲ್ಲ. ಗೊತ್ತಿರುವುದಕ್ಕಾಗಿಯೇ ನಿಮಗೆ ಕುರ್ಚಿ ಕೊಟ್ಟದ್ದು. ಹಳ್ಳಿಯವರು ಎಲ್ಲದಕ್ಕೂ ಉಷ್ಣ ಎನ್ನುತ್ತಾರೆಂದು ಇಷ್ಟು ವರ್ಷ ಇಲ್ಲಿ ಕೆಲಸ ಮಾಡುವ ಇಲಾಖೆಗೆ ತಿಳಿಯಬೇಡವೇ? ಹಳ್ಳಿಯವರು ಉಷ್ಣ ಅಂದ ಕೂಡಲೇ ಕಿವಿ ನಿಮಿರಬೇಕಾದವರು ‘ಹಾಂ, ಅದೇ’ ಅಂದರೆ ಅಜ್ಜಿಮದ್ದಿಗೂ ಆಸ್ಪತ್ರೆಗೂ ಏನು ವ್ಯತ್ಯಾಸ? ನನ್ನದು ಅಡುಗೆಮನೆ, ನಿಮ್ಮದಕ್ಕೆ ಬೋರ್ಡು ಉಂಟು, ಅಷ್ಟೇ. ಇನ್ನೊಂದು ಮಾತು. ದನಕ್ಕೆ ಮನುಷ್ಯರಿಗೂ ಅಂಟುವ ರೋಗವಿರಬಹುದೆಂದು ಒಂದು ಇಲಾಖೆಗೆ ಸೋಮವಾರವೇ ಅನುಮಾನ ಬಂತು. ಅದನ್ನು ಇನ್ನೊಂದು ಇಲಾಖೆಗೆ ತಿಳಿಸುವ ದಾರಿಯೇ ಇಲ್ಲವಂತೆ. ‘ನಾನು ಯಾರಿಗೆ ಫೋನ್ ಮಾಡ್ಲಿ ಆಂಟಿ? ನಮಗೆ ಹಾಗೆ ನಂಬರ್ ಕೊಟ್ಟಿಲ್ಲ’ ಎಂದಳು ಅಮೀರಾ, ನಾನು ಆಮೇಲೆ ಕೇಳಿದಾಗ. ನಮ್ಮ ಹಟ್ಟಿಗೂ ಮನೆಗೂ ನಡುವೆ ಇರುವುದು ಇಪ್ಪತ್ತು ಹೆಜ್ಜೆ. ನಿಮ್ಮ ಎರಡು ಕಚೇರಿಗಳ ನಡುವೆ ಎಷ್ಟು?

ಇನ್ನು ಒಂದು ಸಂಗತಿ ಉಳಿದಿದೆ. ಇದುವರೆಗೆ ಅದನ್ನು ಮುಚ್ಚಿಟ್ಟೆ, ಮುಚ್ಚಿಟ್ಟೇ ಪತ್ರ ಮುಗಿಸಬಹುದಿತ್ತು. ದೀಪಶ್ರೀಗೂ ಇದು ಗೊತ್ತಿಲ್ಲ, ಪತ್ರಿಕೆಯಲ್ಲಿ ಓದಿಯೇ ತಿಳಿಯಲಿ.

ನನಗೆ ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಸೋಮವಾರ ಸಂಜೆ, ದೀಪಶ್ರೀ ಮಗುವಿಗೆ ಮೈ ಒರೆಸುತ್ತ ಒಳಗಿದ್ದಾಗ, ಕಮಲಾವತಿ ನಮ್ಮ ಅಂಗಳಕ್ಕೆ ಬಂದಿದ್ದಳು. ಕೈಯಲ್ಲಿ ಹಾಲಿನ ಪಾತ್ರೆ ಇರಲಿಲ್ಲ.

‘ಅಕ್ಕಾ, ಬೊಳ್ಳಿಗೆ ಹುಷಾರಿಲ್ಲ, ನಾಳೆಯಿಂದ ಹಾಲು ಕೊಡುದಿಲ್ಲ. ಹಸಿ ಹಾಲು ಕುಡಿದ ಮಕ್ಕಳಿಗೆ ಜ್ವರ, ಭೇದಿ ಆದ್ರೆ ಕೂಡ್ಲೇ ಡಾಕ್ಟ್ರಿಗೆ ತೋರಿಸ್ಬೇಕಂತೆ, ಹಾಲಿನ ವಿಷಯ ಹೇಳ್ಬೇಕಂತೆ. ತನ್ಮಯೀಗೆ ಎಂತ ತೊಂದರೆ ಇಲ್ಲ ಅಲ್ವಾ?’

ಒಳಗೆ ಮಗು ನರಳುತ್ತಿತ್ತು. ನನಗೆ ಕೇಳಿಸಿದ್ದು ಮಾತ್ರ ಮದುವೆಮನೆಯ ಆ ಹಳೆಯ ಮಾತು, ಹಾಲು ಜಾಸ್ತಿ ಆಗಿ ಎಂತ ಮಾಡುದು ಎಂದದ್ದು. ಹಾಲು ನಿಲ್ಲಿಸಲು ನೆಪ ತೆಗೆದಿದ್ದಾಳೆ ಅಂದುಕೊಂಡೆ.

‘ದನದ ಭೇದಿ ಮನುಷ್ಯರಿಗೆ ಬರುದು ಅಂತ ಎಲ್ಲಾದ್ರೂ ಉಂಟಾ ಕಮಲಾ? ಹಾಲು ಕೊಡ್ಲಿಕ್ಕೆ ಮನಸ್ಸಿಲ್ಲದಿದ್ರೆ ಹಾಗೇ ಹೇಳು. ನಮ್ಮ ಮಗು ಚೆನ್ನಾಗಿ ಉಂಟು.’

ಅವಳ ಮುಖ ಬಾಡಿತು, ತಿರುಗಿ ಹೋದಳು. ಆಮೇಲೆ ಶುಕ್ರವಾರದವರೆಗೆ ಆ ಮನೆಯಿಂದ ಯಾರೂ ಬೇಲಿ ದಾಟಲಿಲ್ಲ. ನಿಮ್ಮ ಡಾಕ್ಟರೆದುರು ನಿಂತಾಗಲೂ ನನಗೆ ಹಾಲಿನ ಮಾತು ನೆನಪಿತ್ತು, ಅಧಿಕಾರಿಗಳೇ. ಹೇಳಿದರೆ ಕಮಲಾವತಿಯ ಮಾತು ನಿಜವಾಗುತ್ತದಲ್ಲ ಎಂದು ಪುನರ್ಪುಳಿ ಅಂದೆ. ಅವರು ಒಂದೇ ಒಂದು ಸಲ ‘ಏನು ಕುಡಿದಿದ್ದಾಳೆ?’ ಎಂದು ಕೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲ. ನಾನಾಗಿ ಹೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ, ಕೇಳಿದವರಿಗೆ ಸುಳ್ಳು ಹೇಳುವಷ್ಟು ಕೆಟ್ಟವಳೂ ಅಲ್ಲ. ಆ ಎರಡರ ನಡುವೆ ಮಗು ನಾಲ್ಕು ದಿನ ಬೆಂದಿತು.

ಆದ್ದರಿಂದ ನನ್ನ ಬೇಡಿಕೆ ಇದು. ಭೇದಿ ಎಂದು ಬಂದ ಪ್ರತಿಯೊಬ್ಬರ ಓಪಿ ಚೀಟಿಯಲ್ಲಿ ಏನು ತಿಂದರು, ಏನು ಕುಡಿದರು, ರಕ್ತ ಉಂಟೇ, ಮನೆಯ ಅಥವಾ ನೆರೆಯ ಜಾನುವಾರಿಗೆ ಕಾಯಿಲೆ ಉಂಟೇ ಎಂಬ ಪ್ರಶ್ನೆಗಳನ್ನು ಅಚ್ಚು ಹಾಕಿಸಿ. ಉತ್ತರ ಬರೆಯದೆ ಔಷಧಿ ಕೊಡಬಾರದೆಂದು ಆಜ್ಞೆ ಮಾಡಿ. ರಕ್ತ ಕಂಡವರ ಕೈಗೆ ಒಂದು ಶೀಶೆ ಕೊಡಿ. ಓಆರ್‌ಎಸ್ ಕೊಡುವಾಗ ನೀರಿನ ಅಳತೆಯನ್ನು ಬಾಯಿಬಿಟ್ಟು ಹೇಳಿಸಿ. ಪಶುವೈದ್ಯರು ಫೋನು ಮಾಡಲು ನಿಮ್ಮದೊಂದು ನಂಬರು ಕೊಡಿ. ಆ ಫೋನು ಬಂದ ದಿನವೇ ಹಾಲು ಹೋಗುವ ಪ್ರತಿಯೊಂದು ಮನೆಗೂ ಆಶಾ ಕಾರ್ಯಕರ್ತೆಯನ್ನೋ ನರ್ಸನ್ನೋ, ಯಾರನ್ನಾದರೂ ಸರಿ, ಇಲಾಖೆಯ ಹೆಸರಿನಲ್ಲಿ ಕಳಿಸಿ. ನೆರೆಯವರು ಹೇಳುತ್ತಾರೆ ಬಿಡಿ ಎಂದು ಕೈ ತೊಳೆದುಕೊಳ್ಳಬೇಡಿ. ನೆರೆಯವರು ಹೇಳುತ್ತಾರೆ. ಆದರೆ ಪ್ರತಿ ಊರಿನಲ್ಲೂ ನೆರೆಯವರ ಮಾತು ನಂಬದ ಒಬ್ಬಳು ಇರುತ್ತಾಳೆ, ಅವಳ ಮನೆಯಲ್ಲೂ ಮಗು ಇರುತ್ತದೆ.

ಇಂತಿ,
ಸೊಸೆಯ ಮುಖ ನೋಡಲು ಇವತ್ತಿನಿಂದ ಹೆದರಬೇಕಾದ
ವಸುಮತಿ
ಕೇಪುಳಕೋಡಿ